ಎರಡು ಚಳಿಗಾಲದ ನೋಟಿಸು

ಸಿಯಾಟಲ್‌ನ ಕಡಲದಂಡೆಯ ಹಳೆಯ ಕಟ್ಟೆಗಳಿಗೆ ಅವುಗಳದ್ದೇ ಒಂದು ವಾಸನೆಯಿದೆ. ಡಾಂಬರು ಕುಡಿದ ಮರದ ಕಂಬಗಳು, ಹಸಿ ಪಾಚಿ, ಅದರ ಮೇಲೆ ತೆಳುವಾಗಿ ಹಾಸಿದ ಡೀಸೆಲ್ ಹೊಗೆ. ಕಳೆದ ತಿಂಗಳು ನನ್ನ ಅತ್ತಿಗೆಯನ್ನು ಅಲಾಸ್ಕಾದ ಹಡಗಿಗೆ ಹತ್ತಿಸಲು ಹೋದಾಗ ಕಾರಿನ ಬಾಗಿಲು ತೆಗೆದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ಅತ್ತಿಗೆ ತಲೆಯೆತ್ತಿ, "ಅಯ್ಯೋ, ನಮ್ಮ ಅಪಾರ್ಟ್‌ಮೆಂಟನ್ನ ಹಂಗೇ ಎತ್ತಿ ನೀರಿಗೆ ಬಿಟ್ಟಂಗಿದೆಯಲ್ಲೇ ವಸು!" ಎಂದು ಬೆರಗಾಗಿ ನಿಂತುಬಿಟ್ಟರು. ನನಗೆ ಬೆರಗಾಗಲಿಲ್ಲ. ಅಂಥ ಹಡಗುಗಳು ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗುವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಕಚೇರಿಯಲ್ಲಿ ನಾನು ಒಂದು ವರ್ಷ ಕೆಲಸ ಮಾಡಿದ್ದೆ. ಅತ್ತಿಗೆಯ ಸೂಟ್‌ಕೇಸು ಎಳೆಯುತ್ತಾ ನಡೆಯುವಾಗ ಆ ವರ್ಷದ ಹಟವೆಲ್ಲ ಮತ್ತೆ ಎದ್ದು ಎದೆಯಲ್ಲಿ ಕೂತಿತು.

ಅದು ೨೦೧೫ರ ಬೇಸಿಗೆಯಿಂದ ಮರುಬೇಸಿಗೆಯವರೆಗಿನ ಮಾತು. ನಾವಾಗ ಮುಕಿಲ್ಟಿಯೊದಲ್ಲಿದ್ದೆವು. ಗಂಡ ಶ್ರೀಧರ್ ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರು. ಮಗಳು ಇಂಚರಳಿಗೆ ಐದು ವರ್ಷ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ನಾನು ಕೊಳ್ಳೇಗಾಲದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದವಳು, ಮದುವೆಯಾಗಿ ಬಂದ ಮೇಲೆ ಆರು ವರ್ಷ ಸಂಬಳ ಮುಟ್ಟಿರಲಿಲ್ಲ. ಗಂಡನ ವೀಸಾಕ್ಕೆ ಅಂಟಿಕೊಂಡು ಬಂದ ಹೆಂಡತಿ ಅಲ್ಲಿ ಅಡುಗೆ ಮಾಡಬಹುದಿತ್ತು, ಕಾರು ಓಡಿಸಬಹುದಿತ್ತು, ಲೈಬ್ರರಿಯಲ್ಲಿ ಪುಕ್ಕಟೆಯಾಗಿ ಪುಸ್ತಕ ಜೋಡಿಸಬಹುದಿತ್ತು. ಕೆಲಸಕ್ಕೆ ಸೇರುವಂತಿರಲಿಲ್ಲ. ಆ ವರ್ಷ ನಿಯಮ ಬದಲಾಯಿತು. ಗ್ರೀನ್ ಕಾರ್ಡಿನ ಸರದಿಯಲ್ಲಿ ಒಂದು ಹಂತ ದಾಟಿದವರ ಹೆಂಡತಿಯರೂ ದುಡಿಯಬಹುದು ಎಂದರು. ಪರವಾನಗಿಯ ಕಾರ್ಡು ಅಂಚೆಯಲ್ಲಿ ಬಂದ ದಿನ ನಾನು ಅದನ್ನು ದೇವರ ಮುಂದೆ ಇಡಲಿಲ್ಲ. ನೇರವಾಗಿ ಕಂಪ್ಯೂಟರಿನ ಮುಂದೆ ಕೂತು ಹನ್ನೊಂದು ಕಡೆ ಅರ್ಜಿ ಹಾಕಿದೆ.

ಕರೆದದ್ದು ಒಂದೇ ಕಡೆ. ಪ್ರವಾಸಿ ಹಡಗುಗಳ ಕಂಪನಿ. ಹೆಸರು ಬೇಡ. ಒಂದು ವರ್ಷದ ಕಾಂಟ್ರ್ಯಾಕ್ಟು. ಕಂಪನಿಯ ಹಡಗುಗಳು ಬೇಸಿಗೆಯಲ್ಲಿ ಅಲಾಸ್ಕಾಕ್ಕೆ, ಚಳಿಗಾಲದಲ್ಲಿ ಕೆರಿಬಿಯನ್ ಸಮುದ್ರದ ದ್ವೀಪಗಳಿಗೆ ಹೋಗುತ್ತಿದ್ದವು. ಪ್ರತಿ ಬಂದರಿನಲ್ಲಿ ಇಳಿದು ಬಂದ ಪ್ರಯಾಣಿಕರು ಒಂದು ಹಾಳೆ ತುಂಬಿ ಅಂಕ ಕೊಡುತ್ತಾರೆ. ಆ ಹಾಳೆಗಳನ್ನು ಓದಿ, ಯಾವ ಬಂದರು ಚೆನ್ನಾಗಿದೆ, ಯಾವುದು ಇಲ್ಲ ಎಂದು ವರದಿ ಬರೆಯುವುದು ನನ್ನ ಕೆಲಸ. ನನ್ನ ಮೇಲಿನವಳು ಡಯಾನ್, ಅರವತ್ತರ ಹತ್ತಿರದ ಹೆಂಗಸು, ಇಪ್ಪತ್ತು ವರ್ಷ ಹಡಗಿನಲ್ಲೇ ದುಡಿದು ಆಮೇಲೆ ನೆಲಕ್ಕೆ ಬಂದವಳು. ನಡೆಯುವಾಗ ಈಗಲೂ ಕಾಲು ಅಗಲಿಸಿಯೇ ನಡೆಯುತ್ತಿದ್ದಳು. ಅವಳ ಮೇಲಿನವನು ಕ್ರೇಗ್. ಹಡಗುಗಳ ದಾರಿ ನಿರ್ಧರಿಸುವ ಯಜಮಾನ. ಒಳ್ಳೆಯ ಮಾತಿನವನು, ಎಲ್ಲರ ಮಕ್ಕಳ ಹೆಸರನ್ನೂ ನೆನಪಿಟ್ಟುಕೊಳ್ಳುವವನು.

ಬೆಳಗಿನ ರೈಲಿನಲ್ಲಿ ಹೋಗುತ್ತಿದ್ದೆ. ಮುಕಿಲ್ಟಿಯೊದಿಂದ ಸಿಯಾಟಲ್‌ಗೆ ಹಳಿ ಕಡಲನ್ನು ಒರಸಿಕೊಂಡೇ ಸಾಗುತ್ತದೆ; ಒಂದು ಮಗ್ಗುಲಿಗೆ ನೀರು, ಇನ್ನೊಂದಕ್ಕೆ ಕಡಿದಾದ ಮಣ್ಣಿನ ದಿಬ್ಬ. ಆ ಬೇಸಿಗೆಯಲ್ಲಿ ಕಿಟಕಿ ಪಕ್ಕ ಕೂತು, ಬುತ್ತಿಯ ಚಿತ್ರಾನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ನನ್ನಷ್ಟು ಸುಖಿ ಯಾರೂ ಇಲ್ಲ ಎಂದುಕೊಂಡಿದ್ದೇನೆ.

ಅದೇ ಹೊತ್ತಿಗೆ ಕ್ಯೂಬಾದ ಬಾಗಿಲು ತೆರೆಯತೊಡಗಿತ್ತು. ಅರ್ಧ ಶತಮಾನಕ್ಕೂ ಮಿಕ್ಕಿ ಅಮೆರಿಕ ಆ ದ್ವೀಪದ ಜೊತೆ ವ್ಯಾಪಾರ ನಿಲ್ಲಿಸಿತ್ತು. ತನ್ನ ಜನ ಅಲ್ಲಿಗೆ ಪ್ರವಾಸ ಹೋಗುವುದನ್ನೂ ತಡೆದಿತ್ತು. ಈಗ ಎರಡು ಸರ್ಕಾರಗಳು ಕೈ ಕುಲುಕಿದ್ದವು. ನಿರ್ಬಂಧವನ್ನು ಪೂರ್ತಿ ಕಿತ್ತುಹಾಕದಿದ್ದರೂ ಒಂದೊಂದೇ ಗಂಟು ಸಡಿಲಿಸುತ್ತಿದ್ದರು. ಹಡಗುಗಳಿಗೆ ಕ್ಯೂಬಾದ ರಾಜಧಾನಿ ಹವಾನಾಕ್ಕೆ ಹೋಗಲು ಅನುಮತಿ ಸಿಗುತ್ತದೆ ಎಂಬ ಸುದ್ದಿ ಬಂದಾಗ ನಮ್ಮ ಕಚೇರಿಯಲ್ಲಿ ಕೇಕ್ ಕತ್ತರಿಸಿದರು. ನಾನೂ ತಿಂದೆ. ತಿನ್ನಬಾರದ್ದೇನೂ ಇರಲಿಲ್ಲ. ಐವತ್ತು ವರ್ಷ ಮುಚ್ಚಿದ್ದ ಮನೆಯ ಬಾಗಿಲು ತೆರೆದರೆ ಯಾರಿಗೆ ಸಂತೋಷವಿಲ್ಲ? ಆದರೆ ಹಡಗು ಇರುವುದು ಎಣಿಕೆಯಷ್ಟೇ. ಒಂದು ಹಡಗು ಹವಾನಾಕ್ಕೆ ಹೋಗಬೇಕಾದರೆ ಅದು ಈವರೆಗೆ ಹೋಗುತ್ತಿದ್ದ ಇನ್ನೊಂದು ಊರನ್ನು ಬಿಡಬೇಕು. ಅದನ್ನು ಯಾರೂ ಕೇಕಿನ ಮೇಲೆ ಬರೆದಿರಲಿಲ್ಲ.

ಬಿಡಬೇಕಾದ ಊರು ಯಾವುದೆಂದು ನವೆಂಬರಿನಲ್ಲಿ ಗೊತ್ತಾಯಿತು. ಕೆರಿಬಿಯನ್ ಸಮುದ್ರದ ಪೂರ್ವದ ಸಾಲಿನ ಒಂದು ಪುಟ್ಟ ದ್ವೀಪ. ಅದರ ಹೆಸರನ್ನೂ ಹೇಳುವುದಿಲ್ಲ. ಅಷ್ಟು ಸಣ್ಣ ಜಾಗದಲ್ಲಿ ಹೆಸರು ಹೇಳಿದರೆ ಎಲ್ಲರಿಗೂ ಎಲ್ಲರೂ ಗೊತ್ತಾಗುತ್ತಾರೆ. ಜಾಯಿಕಾಯಿ, ಬಾಳೆ ಬೆಳೆಯುವ ಊರು. ನಮ್ಮ ಕಂಪನಿಯ ಮಾತು ನಂಬಿಕೊಂಡು ಅವರು ಗುಡ್ಡದ ಕಲ್ಲು ಒಡೆದು ತಂದು, ಹಡಗು ಬಂದು ನಿಲ್ಲಲು ಕಡಲಿನೊಳಕ್ಕೆ ಉದ್ದನೆಯ ಜೆಟ್ಟಿ ಕಟ್ಟಿದ್ದರು. ಮೈಸೂರು ಸೀಮೆಯಲ್ಲಿ ಜೆಟ್ಟಿ ಎಂದರೆ ದಸರಾದಲ್ಲಿ ವಜ್ರಮುಷ್ಟಿ ಕಾಳಗ ಮಾಡುವವನು; ನನಗೆ ಆ ಪದ ಕಡತದಲ್ಲಿ ಕಂಡಾಗಲೆಲ್ಲ ಬೋಳುತಲೆಯ ಪೈಲ್ವಾನನೊಬ್ಬ ನೀರಿನಲ್ಲಿ ನಿಂತಂತೆ ಕಾಣುತ್ತಿತ್ತು. ಹಡಗು ಬಂದ ದಿನ ಆ ಊರಿನಲ್ಲಿ ಟ್ಯಾಕ್ಸಿ, ಸಂತೆ, ಅಡುಗೆ, ಎಲ್ಲವೂ ಅದರ ಸುತ್ತಲೇ ತಿರುಗುತ್ತಿತ್ತು.

ಒಪ್ಪಂದದಲ್ಲಿ ಒಂದು ಷರತ್ತಿತ್ತು. ಹಡಗು ನಿಲ್ಲಿಸುವುದಾದರೆ ಕಂಪನಿ ಎರಡು ಚಳಿಗಾಲ ಮೊದಲೇ ನೋಟಿಸು ಕೊಡಬೇಕು. ಆದರೆ ಬಂದರು ಗುಣಮಟ್ಟದಲ್ಲಿ ಸೋತರೆ ನೋಟಿಸು ಬೇಕಿಲ್ಲ, ಮಾರನೆಯ ಸೀಸನ್ನಿಗೇ ಬಿಡಬಹುದು. ಕ್ರೇಗ್ ನನ್ನನ್ನು ಕರೆದು, "ಆ ಬಂದರಿನ ಅಂಕ ಹೋದ ಚಳಿಗಾಲ ಬಿದ್ದಿದೆ. ಒಂದು ವರದಿ ಬೇಕು ವಸು, ಬೇಗ," ಎಂದ.

ಅಂಕ ಬಿದ್ದಿದ್ದು ನಿಜ. ಏಕೆ ಬಿತ್ತೆಂದು ನೋಡಲು ನಾನು ಹಾಳೆಗಳ ಪಕ್ಕದಲ್ಲಿ ಹಡಗಿನ ವೇಳಾಪಟ್ಟಿಯನ್ನು ಇಟ್ಟುಕೊಂಡೆ. ಮೊದಲೆಲ್ಲ ಹಡಗು ಬೆಳಿಗ್ಗೆ ಬಂದು ಸಂಜೆಯವರೆಗೆ ನಿಲ್ಲುತ್ತಿತ್ತು. ಹೋದ ಚಳಿಗಾಲ ಇಂಧನ ಉಳಿಸಲು ನಿಧಾನವಾಗಿ ಓಡಿಸಿ, ಮಧ್ಯಾಹ್ನ ತಂದು ನಿಲ್ಲಿಸಿ, ನಾಲ್ಕು ಗಂಟೆಗೆಲ್ಲ ಹೊರಡಿಸಿದ್ದರು. ಪ್ರಯಾಣಿಕರು ಬರೆದದ್ದೂ ಅದನ್ನೇ: ಜಲಪಾತ ನೋಡಲಾಗಲಿಲ್ಲ, ಊಟ ಬಿಟ್ಟು ಓಡಿಬಂದೆವು, ಸಂತೆಗೆ ಹೋಗಲು ಸಮಯ ಸಿಗಲಿಲ್ಲ. ತಪ್ಪು ಊರಿನದ್ದಾಗಿರಲಿಲ್ಲ.

ಗಂಟೆಗಳನ್ನು ಖಾತ್ರಿ ಮಾಡಿಕೊಳ್ಳಲು ದ್ವೀಪದ ಬಂದರು ಕಚೇರಿಗೆ ಫೋನ್ ಮಾಡಿದೆ. ಅಧಿಕಾರಿ ಊಟಕ್ಕೆ ಹೋಗಿದ್ದ. ಎತ್ತಿಕೊಂಡವಳು ಆಲ್ಥಿಯಾ. ಮೊದಲು ಶಾಲೆಯ ಟೀಚರಾಗಿದ್ದವಳು, ಈಗ ಸಂತೆಯ ಹೆಂಗಸರ ಸಂಘದ ಅಧ್ಯಕ್ಷೆ, ಬಂದರು ಸಮಿತಿಯ ಸದಸ್ಯೆ. ಅವಳ ಇಂಗ್ಲಿಷು ಹಾಡಿದಂತೆ ಏರಿಳಿಯುತ್ತಿತ್ತು. ನಾನಿಲ್ಲಿ ನನ್ನ ಮಾತಿನಲ್ಲಿ ಹೇಳುತ್ತೇನೆ.

"ಗಂಟೆನಾ? ನನ್ನ ಹತ್ರ ಬರೆದಿಟ್ಟಿದೀನಿ. ಹಡಗು ಕಟ್ಟಿದ್ದು ಎಷ್ಟೊತ್ತಿಗೆ, ಬಿಚ್ಚಿದ್ದು ಎಷ್ಟೊತ್ತಿಗೆ, ಎಲ್ಲಾ. ಯಾಕೆ ಕೇಳ್ತಿದೀಯ? ನಮ್ಮನ್ನ ಬಿಟ್ಟು ಹವಾನಾಕ್ಕೆ ಹೋಗ್ತೀರಾ?"

ಹೇಳುವ ಅಧಿಕಾರ ನನಗಿರಲಿಲ್ಲ.

"ಹೇಳ್ಬೇಡ ಬಿಡು, ನಿನ್ನ ಕೆಲಸಕ್ಕೆ ಕುತ್ತು ಬರುತ್ತೆ," ಎಂದು ಅವಳೇ ನಕ್ಕಳು. "ಒಂದು ಮಾತು ಕೇಳು. ನಮ್ಮಮ್ಮನ ಕಣ್ಣಿನ ಆಪರೇಷನ್ ಮಾಡಿದ್ದು ಕ್ಯೂಬಾದ ಡಾಕ್ಟರು. ಆ ಜನ ಎಷ್ಟು ವರ್ಷ ಅನುಭವಿಸಿದಾರೆ ಅಂತ ನಮಗೆ ಗೊತ್ತು. ಅವರಿಗೆ ಹಡಗು ಹೋಗಲಿ. ಅದಕ್ಕೆ ನಾವು ಅಡ್ಡ ನಿಲ್ಲೋರಲ್ಲ. ಆದ್ರೆ ಹೋಗೋರು ಹೇಳಿ ಹೋಗ್ಬೇಕು. ಕದ್ದು ಹೋಗ್ಬಾರದು."

ಮರುದಿನ ಅವಳ ನೋಟ್‌ಬುಕ್ಕಿನ ಪುಟಗಳ ಫೋಟೋಗಳು ಬಂದವು. ಉರುಟಾದ ಟೀಚರ ಅಕ್ಷರ. ನಮ್ಮ ವೇಳಾಪಟ್ಟಿಗೂ ಅದಕ್ಕೂ ಒಂದು ನಿಮಿಷ ಹೆಚ್ಚುಕಮ್ಮಿ ಇರಲಿಲ್ಲ.

ವರದಿಯಲ್ಲಿ ಇದ್ದದ್ದು ಇದ್ದಂತೆ ಬರೆದೆ: ಅಂಕ ಬಿದ್ದಿದೆ, ಬಿದ್ದದ್ದು ಹಡಗು ನಿಲ್ಲುವ ಹೊತ್ತು ಕಡಿಮೆಯಾದ ಕಾರಣಕ್ಕೆ, ಬಂದರಿನ ಗುಣಮಟ್ಟದಲ್ಲಿ ಕೊರತೆ ಕಾಣಲಿಲ್ಲ. ಜನವರಿಯ ಮೊದಲ ವಾರ ಕ್ರೇಗ್ ಮತ್ತೆ ಕರೆದ. ಮೊದಲು ಇಂಚರಳ ಪಿಯಾನೋ ಕ್ಲಾಸು ಹೇಗೆ ನಡೆದಿದೆ ಎಂದು ವಿಚಾರಿಸಿದ. ಆಮೇಲೆ, "ಚೆನ್ನಾಗಿ ಬರೆದಿದೀಯ. ಒಂದೇ ಒಂದು ವಾಕ್ಯ ಬದಲಾಯಿಸಬೇಕು. ಬಂದರು ಗುಣಮಟ್ಟಕ್ಕೆ ತಕ್ಕಂತಿಲ್ಲ ಅಂತ," ಎಂದ.

"ಅದು ನಿಜ ಅಲ್ವಲ್ಲ, ಕ್ರೇಗ್."

"ಅಂಕ ಬಿದ್ದಿದೆ. ಅದು ನಿಜ ತಾನೆ?"

"ಬೀಳಿಸಿದ್ದು ನಾವು."

ಅವನು ನಕ್ಕ, ಕೋಪಿಸಿಕೊಳ್ಳಲಿಲ್ಲ. "ಯೋಚನೆ ಮಾಡು," ಎಂದಷ್ಟೇ ಹೇಳಿ ಕಳಿಸಿದ.

ಅವತ್ತು ಸಂಜೆ ರೈಲಿನಲ್ಲಿ ನನಗೆ ಅಪ್ಪ ನೆನಪಾದರು. ಕೊಳ್ಳೇಗಾಲದಲ್ಲಿ ನಮ್ಮ ಮನೆಯ ಹಿಂದೆ ಬಿಸಿನೀರಿನ ಬಾಣಲೆ, ನಾಲ್ಕು ಚರಕ. ಅಪ್ಪ ಮಾರುಕಟ್ಟೆಯಿಂದ ರೇಷ್ಮೆಗೂಡು ತಂದು ನೂಲು ಬಿಚ್ಚಿಸುತ್ತಿದ್ದರು. ಸುಂಕ ಇಳಿದು ಚೀನಾದ ರೇಷ್ಮೆ ಅಗ್ಗವಾಗಿ ಬಂದ ವರ್ಷ, ಕಾಯಂ ಆಗಿ ನೂಲು ಕೊಳ್ಳುತ್ತಿದ್ದ ವ್ಯಾಪಾರಿ ನಮ್ಮ ಜಗಲಿಯಲ್ಲಿ ಕೂತು ನೂಲಿನ ಲಡಿಯನ್ನು ಬೆಳಕಿಗೆ ಹಿಡಿದು, "ಯಾಕೋ ನಿನ್ನ ನೂಲಲ್ಲಿ ಗಂಟು ಜಾಸ್ತಿ ಆಗೋಯ್ತಲ್ಲ ರಂಗಸ್ವಾಮಿ," ಎಂದಿದ್ದ. ಅಪ್ಪ ಲಡಿಯನ್ನು ಅವನ ಕೈಯಿಂದ ವಾಪಸ್ ತೆಗೆದುಕೊಂಡರು. "ಬೆಲೆ ಇಳ್ಸದಾದ್ರೆ ಇಳ್ಸಿ ಸಾಮಿ. ಚೀನಾ ನೂಲು ಬಂದದೆ, ನಿನ್ನದು ಬ್ಯಾಡ ಅನ್ನಿ, ಒಪ್ಕತೀನಿ. ನನ್ನ ನೂಲ್ಗೆ ಹೆಸ್ರು ಮಡಗ್ಬ್ಯಾಡಿ." ಆ ವ್ಯಾಪಾರಿ ಮತ್ತೆ ಬರಲಿಲ್ಲ. ಅಪ್ಪ ಎರಡು ಚರಕ ಮಾರಿದರು. ಆದರೆ ಊರಿನಲ್ಲಿ ರಂಗಸ್ವಾಮಿ ನೂಲು ಕೆಟ್ಟದ್ದು ಎಂದು ಯಾರೂ ಆಡಿಕೊಳ್ಳಲಿಲ್ಲ, ಮುಂದೆ ಬೇರೆಯವರು ಬಂದಾಗ ಆ ಹೆಸರೇ ಕೈ ಹಿಡಿಯಿತು. ಹೆಸರು ಕೆಟ್ಟರೆ ಇನ್ನೊಬ್ಬ ಗಿರಾಕಿಯೂ ಬರುವುದಿಲ್ಲ. ಗುಣಮಟ್ಟದಲ್ಲಿ ಸೋತ ಬಂದರು ಎಂದು ಒಂದು ಕಂಪನಿ ಬರೆದರೆ ಆ ದ್ವೀಪಕ್ಕೆ ಬೇರೆ ಯಾವ ಹಡಗು ಬರುತ್ತದೆ?

ಮನೆಯಲ್ಲಿ ಶ್ರೀಧರ್‌ಗೆ ಹೇಳಿದೆ. ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನೋಡು ವಸು, ಆರು ವರ್ಷ ಕಾದು ಸಿಕ್ಕಿರೋ ಕೆಲಸ. ಗ್ರೀನ್ ಕಾರ್ಡ್ ಇನ್ನೂ ಪ್ರೋಸೆಸ್‌ನಲ್ಲಿದೆ. ಯಾವುದೋ ದ್ವೀಪ, ಮ್ಯಾಪಲ್ಲಿ ಹುಡುಕಿದ್ರೂ ಸಿಗಲ್ಲ. ಒಂದು ವಾಕ್ಯಕ್ಕೋಸ್ಕರ ಯಾಕೆ ಜಗಳ ಕಾಯ್ತೀಯ?"

"ಆ ವಾಕ್ಯದ ಕೆಳಗೆ ನನ್ನ ಹೆಸರಿರುತ್ತೆ ರೀ."

"ನಿನ್ನ ಹೆಸರು ಅಲ್ಲಿ ಯಾರಿಗೆ ಗೊತ್ತು?"

"ನಂಗೆ ಗೊತ್ತಲ್ಲ."

ಇಂಚರ ಚಮಚ ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡಿ, "ಆರ್ ಯು ಗಯ್ಸ್ ಫೈಟಿಂಗ್?" ಎಂದಳು. "ಇಲ್ಲ ಪುಟ್ಟಾ, ಊಟ ಮಾಡು," ಎಂದೆ. ಅವತ್ತಿನಿಂದ ಹತ್ತು ದಿನ ನಾನೂ ಶ್ರೀಧರೂ ಬೇಕಾದಷ್ಟೇ ಮಾತಾಡಿಕೊಂಡೆವು. ಹಾಲು ಮುಗಿದಿದೆ, ಕಾರಿಗೆ ಪೆಟ್ರೋಲ್ ಹಾಕಿಸಬೇಕು, ಅಷ್ಟೇ.

ಆ ಚಳಿಗಾಲ ಮಳೆ ಬಿಡಲೇ ಇಲ್ಲ. ಹಳಿಯ ಪಕ್ಕದ ದಿಬ್ಬ ವಾರಕ್ಕೊಮ್ಮೆ ಕುಸಿಯುತ್ತಿತ್ತು; ಒಮ್ಮೆ ಮಣ್ಣು ಬಿದ್ದರೆ ಎರಡು ದಿನ ರೈಲು ಬಂದ್. ನಾನು ಬಸ್ಸು ಬದಲಿಸಿ, ಒದ್ದೆ ಕಾಲುಚೀಲದಲ್ಲಿ ಕಚೇರಿ ಸೇರುತ್ತಿದ್ದೆ. ಕ್ರೇಗ್ ಎರಡು ಸಲ ನೆನಪಿಸಿದ. ಎರಡೂ ಸಲ ನಾನು ಇಲ್ಲವೆಂದೆ. ಒಂದು ಮಧ್ಯಾಹ್ನ ಡಯಾನ್ ನನ್ನನ್ನು ಕಾಫಿಗೆಂದು ಕೆಳಗೆ ಕರೆದುಕೊಂಡು ಹೋದಳು. ಮಳೆಗೆ ಬೆನ್ನು ಮಾಡಿ ನಿಂತು, ನನ್ನ ಮುಖ ನೋಡದೆ, "ನಿನ್ನ ಕಾಂಟ್ರ್ಯಾಕ್ಟ್ ಜುಲೈಗೆ ಮುಗಿಯುತ್ತೆ. ಅದನ್ನ ಮುಂದುವರಿಸೋದು ಕ್ರೇಗ್ ಕೈಲಿದೆ. ಇಷ್ಟು ದಿನ ನೀನು ಹೇಳಿದ್ದು ಸಾಕು. ಇನ್ಮೇಲೆ ಸುಮ್ನಿರು," ಎಂದಳು.

"ನೀವು ಓದಿದ್ರಾ ನನ್ನ ವರದಿ?"

"ಓದಿದೆ."

"ತಪ್ಪಿದೆಯಾ?"

ಅವಳು ಕಾಫಿಯ ಲೋಟದ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಆಮೇಲೆ ಮೆಟ್ಟಿಲು ಹತ್ತಿದಳು.

ಫೆಬ್ರವರಿಯಲ್ಲಿ ದ್ವೀಪದವರನ್ನು ಸಿಯಾಟಲ್‌ಗೆ ಕರೆಸಿದರು. ಬಂದವರು ಇಬ್ಬರು: ಬಂದರಿನ ಅಧಿಕಾರಿ ಮತ್ತು ಆಲ್ಥಿಯಾ. ಸಭೆಯ ದಿನ ಬೆಳಿಗ್ಗೆ ಮತ್ತೆ ಮಣ್ಣು ಕುಸಿದು ರೈಲಿರಲಿಲ್ಲ. ನಾನು ಕೊಡೆ ಹುಡುಕುತ್ತಿದ್ದಾಗ ಶ್ರೀಧರ್ ಕಾರಿನ ಕೀಲಿ ತೆಗೆದುಕೊಂಡು ಬಾಗಿಲಲ್ಲಿ ನಿಂತಿದ್ದರು. "ಅರ್ಧ ದಿನ ರಜಾ ಹಾಕಿದೀನಿ. ನಡಿ, ಡ್ರಾಪ್ ಮಾಡ್ತೀನಿ." ಕಚೇರಿಯ ಮುಂದೆ ಕಾರು ನಿಲ್ಲಿಸಿ ಸ್ಟೀರಿಂಗಿನ ಮೇಲಿಂದ ಕೈ ತೆಗೆಯದೆ, "ನಂಗೆ ಭಯ ಇದೆ, ಸುಳ್ಳು ಹೇಳಲ್ಲ. ಆದ್ರೆ ನೀನು ಇವತ್ತು ಬಾಯಿ ಮುಚ್ಕೊಂಡು ಬಂದ್ರೆ, ಆಮೇಲೆ ಈ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲ್ಲ. ಹೇಳೋದು ಹೇಳ್ಬಿಡು," ಎಂದರು.

ಆಲ್ಥಿಯಾ ನಾನು ಊಹಿಸಿದ್ದಕ್ಕಿಂತ ಗಿಡ್ಡವಾಗಿದ್ದಳು. ಹಳದಿ ಅಂಗಿ, ಯಾರದೋ ದೊಡ್ಡ ಅಳತೆಯ ಕೋಟು. ಕಿಟಕಿಯ ಆಚೆ ಜಿನುಗುತ್ತಿದ್ದ ಮಳೆ ನೋಡಿ, "ಇದಕ್ಕೆ ನೀವು ಮಳೆ ಅಂತೀರಾ? ನಮ್ಮಲ್ಲಿ ಇಷ್ಟು ಬೆವರ್ತೀವಿ," ಎಂದಳು. ಎಲ್ಲರೂ ನಕ್ಕರು. ಕ್ರೇಗ್ ಎಲ್ಲರಿಗಿಂತ ಜೋರಾಗಿ ನಕ್ಕ. ಆಮೇಲೆ ಗೋಡೆಯ ಮೇಲೆ ನನ್ನ ವರದಿ ಮೂಡಿತು.

ಮೊದಲ ಪುಟದಲ್ಲಿ ನನ್ನ ಹೆಸರು. ಎರಡನೆಯದರಲ್ಲಿ ನನ್ನದೇ ಅಂಕಗಳ ಪಟ್ಟಿ. ಮೂರನೆಯ ಪುಟದಲ್ಲಿ ಹಡಗು ನಿಂತ ಹೊತ್ತಿನ ಮಾತು ಇರಲಿಲ್ಲ. ಅದರ ಜಾಗದಲ್ಲಿ ಒಂದು ವಾಕ್ಯವಿತ್ತು: ಬಂದರು ಗುಣಮಟ್ಟಕ್ಕೆ ತಕ್ಕಂತಿಲ್ಲ. ಕ್ರೇಗ್ ಅದನ್ನು ಓದಿ, ವಿಷಾದದ ದನಿಯಲ್ಲಿ, ಹಾಗಾಗಿ ಮುಂದಿನ ಚಳಿಗಾಲದಿಂದಲೇ ಹಡಗು ಬರುವುದಿಲ್ಲ ಎಂದ. ಬಂದರಿನ ಅಧಿಕಾರಿ ತಲೆ ತಗ್ಗಿಸಿದ. ಆಲ್ಥಿಯಾ ಗೋಡೆ ನೋಡಲಿಲ್ಲ, ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇವಳೂ ಇಷ್ಟೇ ಎಂಬ ಒಂದು ಲೆಕ್ಕ ಮುಗಿದಂತಿತ್ತು. ಅದನ್ನು ಸಹಿಸಲು ನನ್ನಿಂದಾಗಲಿಲ್ಲ.

ನಾನು ಎದ್ದು ನಿಂತೆ. ಗೋಡೆಯ ಮೇಲಿನ ವಾಕ್ಯಕ್ಕೆ ಬೆರಳು ತೋರಿಸಿದೆ. "ಕ್ಷಮಿಸಿ. ಇದು ನಾನು ಬರೆದದ್ದಲ್ಲ."

"ವಸು, ಆಮೇಲೆ ಮಾತಾಡೋಣ," ಎಂದ ಕ್ರೇಗ್.

"ಹೆಸರು ನಂದಿದೆ. ಈಗಲೇ ಹೇಳ್ತೀನಿ. ನಾನು ಬರೆದದ್ದು ಬೇರೆ. ಹೋದ ಚಳಿಗಾಲ ನಾವು ಹಡಗನ್ನ ಮಧ್ಯಾಹ್ನ ತಂದು ನಾಲ್ಕು ಗಂಟೆಗೆ ಹೊರಡಿಸಿದ್ವಿ. ಅಂಕ ಬಿದ್ದಿದ್ದು ಅದಕ್ಕೆ. ಬಂದರಿನಲ್ಲಿ ಕೊರತೆ ಇಲ್ಲ. ನಾವು ಹವಾನಾಕ್ಕೆ ಹೋಗ್ಬೇಕು ಅಂತಿದ್ರೆ ಹೋಗೋಣ. ಅದಕ್ಕೆ ಎರಡು ಚಳಿಗಾಲದ ನೋಟಿಸು ಕೊಡ್ಬೇಕು ಅಂತ ಸಹಿ ಹಾಕಿದೀವಿ. ಕೊಡೋಣ."

ಕ್ರೇಗ್‌ನ ಮುಖ ಕೆಂಪಾಗಿತ್ತು, ದನಿ ಮಾತ್ರ ಮೆತ್ತಗೇ ಇತ್ತು. "ಇವರು ಹೊಸಬರು. ಹೊತ್ತು ಕಡಿಮೆ ಆಗಿದ್ದಕ್ಕೆ ನೂರು ಕಾರಣ ಇರುತ್ತೆ. ಬಂದರಿನ ಕಡೆಯಿಂದಲೂ ತೊಂದರೆ ಇತ್ತು."

"ಇರಲಿಲ್ಲ," ಎಂದಿತು ಇನ್ನೊಂದು ದನಿ. ಡಯಾನ್. ಅವಳು ಕೂತಲ್ಲಿಂದ ಏಳಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಹೊತ್ತು ಕಡಿಮೆ ಮಾಡಿದ ಆದೇಶಕ್ಕೆ ಸಹಿ ಹಾಕಿದ್ದು ನಾನು. ಇಂಧನ ಉಳಿಸೋಕೆ. ಬಂದರಿನವರು ಬೇಡ ಅಂತ ಮೂರು ಸಲ ಬರೆದಿದ್ರು. ಆ ಪತ್ರಗಳು ನನ್ನ ಹತ್ರ ಇವೆ."

ಆಗ ಆಲ್ಥಿಯಾ ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದಳು, ಇನ್ನು ಕೆಲಸ ಶುರು ಎನ್ನುವ ಹಾಗೆ. "ನಾವು ಬೇಡೋಕೆ ಬಂದಿಲ್ಲ," ಎಂದಳು. "ಕ್ಯೂಬಾ ನಮ್ಮ ನೆರೆಮನೆ. ಅವರ ಮನೆಗೆ ನೆಂಟರು ಬಂದ್ರೆ ನಮಗೆ ಹೊಟ್ಟೆಕಿಚ್ಚಿಲ್ಲ. ನೀವು ಹೋಗಿ. ಆದ್ರೆ ಹೋಗೋಕೆ ನೆಪ ಬೇಕು ಅಂತ ನಮ್ಮ ಮೇಲೆ ಗೂಬೆ ಕೂರಿಸ್ಬೇಡಿ. ಎರಡು ಚಳಿಗಾಲ ನಿಮ್ಮ ದಾನ ಅಲ್ಲ, ನಮ್ಮ ಹಕ್ಕು. ಅಷ್ಟರಲ್ಲಿ ನಮ್ಮ ದಾರಿ ನಾವು ನೋಡ್ಕೋತೀವಿ."

ಮಾರ್ಚಿನಲ್ಲಿ ನೋಟಿಸು ಹೋಯಿತು. ಎರಡು ಚಳಿಗಾಲ, ಬೆಳಿಗ್ಗೆಯಿಂದ ಸಂಜೆಯವರೆಗೆ ಹಡಗು ನಿಲ್ಲುತ್ತದೆ, ಆಮೇಲೆ ಬರುವುದಿಲ್ಲ. ಗುಣಮಟ್ಟದ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಡಯಾನ್ ಮೇ ತಿಂಗಳಲ್ಲಿ ನಿವೃತ್ತಿ ತೆಗೆದುಕೊಂಡಳು. ತೆಗೆದುಕೊಂಡಳೋ ಕೊಡಿಸಿದರೋ ನಾನು ಕೇಳಲಿಲ್ಲ. ಹೋಗುವ ದಿನ ನನ್ನ ಮೇಜಿನ ಹತ್ತಿರ ಬಂದು, "ಕಾಫಿ ಕುಡೀತಾ ಇದ್ದಾಗ ನೀನು ಕೇಳಿದ್ಯಲ್ಲ, ತಪ್ಪಿದೆಯಾ ಅಂತ. ಅವತ್ತೇ ಹೇಳ್ಬೇಕಿತ್ತು," ಎಂದಳು. ನನ್ನ ಕಾಂಟ್ರ್ಯಾಕ್ಟ್ ಜುಲೈನಲ್ಲಿ ಮುಗಿಯಿತು. ಕ್ರೇಗ್ ಕೈ ಕುಲುಕಿ ಶುಭ ಹಾರೈಸಿದ. ನಾನು ಚಿತ್ರಾನ್ನದ ಡಬ್ಬಿ, ಒಂದು ಕೊಡೆ, ಆಲ್ಥಿಯಾ ತಂದುಕೊಟ್ಟಿದ್ದ ಜಾಪತ್ರೆಯ ಪೊಟ್ಟಣ ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದೆ. ದುಃಖವಾಗಲಿಲ್ಲ ಎಂದರೆ ಸುಳ್ಳಾದೀತು. ಎಡ್ಮಂಡ್ಸ್ ಸ್ಟೇಷನ್ ದಾಟುವವರೆಗೆ ಅತ್ತೆ. ಆದರೆ ಪಶ್ಚಾತ್ತಾಪ ಅವತ್ತೂ ಆಗಲಿಲ್ಲ, ಆಮೇಲೂ ಆಗಲಿಲ್ಲ. ಆ ಶರತ್ಕಾಲದಲ್ಲೇ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಸಂಬಳ ಅರ್ಧ. ಆದರೆ ಕರಿಹಲಗೆಯ ಮೇಲೆ ಬರೆದ ವಾಕ್ಯವನ್ನು ಯಾರೂ ತಿದ್ದುತ್ತಿರಲಿಲ್ಲ.

ಆಲ್ಥಿಯಾ ಆಗಾಗ ಫೋನ್ ಮಾಡುತ್ತಿದ್ದಳು. ಇದನ್ನು ಬರಿಯ ಗೆಲುವಿನ ಕತೆ ಮಾಡಲಾರೆ. ಹಡಗು ನಿಲ್ಲುತ್ತದೆಂದು ಗೊತ್ತಾದ ಮೇಲೆ ಊರಿನ ಅರ್ಧ ಟ್ಯಾಕ್ಸಿಯವರು ಬೇರೆ ದ್ವೀಪಗಳಿಗೆ ಹೋದರು. ಅವಳ ಸ್ವಂತ ತಮ್ಮನೇ ಹೋದ. ಹುಲ್ಲಿನ ಟೋಪಿ ಹೆಣೆಯುವ ಮುದುಕಿಯರು ಕೆಲಸ ಬಿಟ್ಟರು. ಉಳಿದವರನ್ನು ಕಟ್ಟಿಕೊಂಡು ಅವಳು ನೆರೆಯ ದ್ವೀಪಗಳ ಹೋಟೆಲುಗಳಿಗೆ ಅಲೆದಳು. ಆ ಹೋಟೆಲುಗಳು ಟೊಮ್ಯಾಟೊ, ಮೆಣಸಿನಕಾಯಿ, ಕುಂಬಳಕಾಯಿಯನ್ನು ಕೂಡ ಫ್ಲೋರಿಡಾದಿಂದ ತರಿಸುತ್ತಿದ್ದವಂತೆ. "ನಾಲ್ಕು ಗಂಟೆ ದೋಣಿ ದಾರೀಲಿ ನಾವಿದೀವಿ, ಇವರು ಶೈತ್ಯಾಗಾರದ ತರಕಾರಿ ತಿಂತಾರೆ!" ಎಂದು ಬೈಯುತ್ತಿದ್ದಳು. ಮೊದಲ ಚಳಿಗಾಲ ಒಂದು ಮರದ ದೋಣಿ ಹೋಯಿತು. ಎರಡನೆಯ ಚಳಿಗಾಲಕ್ಕೆ ಮೂರು. ಬರುವಾಗ ಅವು ಆ ದ್ವೀಪಗಳ ಅಕ್ಕಿ, ಸಾಬೂನು, ಸಿಮೆಂಟು ತುಂಬಿಕೊಂಡು ಬರುತ್ತಿದ್ದವು. ಹಡಗು ಕಡೆಯ ಬಾರಿ ಬಂದುಹೋದ ದಿನ ಅವಳು ಫೋನಿನಲ್ಲಿ, "ಜೆಟ್ಟಿ ಖಾಲಿ ಕಾಣ್ತಿದೆ. ನೋಡೋಕೆ ಕಷ್ಟ ಆಗುತ್ತೆ. ಆದ್ರೆ ನಾಳೆ ಬೆಳಿಗ್ಗೆ ಕುಂಬಳಕಾಯಿ ಲೋಡ್ ಮಾಡ್ಬೇಕು, ಮಲಗ್ತೀನಿ," ಎಂದಳು.

೨೦೧೯ರಲ್ಲಿ ಬಾಗಿಲು ಮತ್ತೆ ಮುಚ್ಚಿತು. ವಾಷಿಂಗ್ಟನ್ನಿನಿಂದ ಒಂದು ಆದೇಶ; ಕ್ಯೂಬಾಕ್ಕೆ ಹಡಗುಗಳು ಹೋಗಕೂಡದು ಎಂದರು. ಹವಾನಾದಲ್ಲಿ ನೆಂಟರಿಗಾಗಿ ಮನೆಗೆ ಸುಣ್ಣ ಬಳಿಸಿದವರು, ಹಳೆಯ ಕಾರುಗಳನ್ನು ತಿಕ್ಕಿ ಹೊಳಪು ಕೊಟ್ಟವರು ಏನಾದರೋ ಎಂದು ನಾನು ಅವತ್ತೆಲ್ಲ ಯೋಚಿಸಿದೆ. ಅವರಿಗೂ ಯಾರೂ ಎರಡು ಚಳಿಗಾಲದ ನೋಟಿಸು ಕೊಟ್ಟಿರಲಿಲ್ಲ.

ಎರಡು ವಾರ ಬಿಟ್ಟು ಒಂದು ಶನಿವಾರ ಬೆಳಿಗ್ಗೆ ಆಲ್ಥಿಯಾಳ ಫೋನ್ ಬಂತು. ನಾನು ದೋಸೆ ಹುಯ್ಯುತ್ತಿದ್ದೆ, ಸ್ಪೀಕರಿಗೆ ಹಾಕಿದೆ.

"ನಿಮ್ಮ ಕಂಪನಿಯಿಂದ ಪತ್ರ ಬಂದಿದೆ," ಎಂದಳು.

"ನನ್ನ ಕಂಪನಿ ಅಲ್ಲ ಅದು."

"ಸರಿ, ಅವರ ಕಂಪನಿ. ಹಡಗಿಗೆ ಊರು ಬೇಕಂತೆ. ನಮ್ಮ ಬಂದರು ಬಹಳ ಚೆನ್ನಾಗಿದೆ ಅಂತ ಬರೆದಿದಾರೆ. ಪ್ರತಿ ಮಂಗಳವಾರ ಬರ್ತಾರಂತೆ."

ಶ್ರೀಧರ್ ತಟ್ಟೆ ಹಿಡಿದು ಬಂದವರು ಅಲ್ಲೇ ನಿಂತರು. "ನೀವೇನು ಬರೆದ್ರಿ?" ಎಂದೆ.

"ಓದ್ತೀನಿ, ಕೇಳು." ಕಾಗದ ಬಿಡಿಸಿದ ಸದ್ದಾಯಿತು. ಅವಳು ತರಗತಿಯಲ್ಲಿ ಪಾಠ ಓದುವ ದನಿಯಲ್ಲಿ, ಒಂದೊಂದೇ ಮಾತನ್ನು ಬಿಡಿಸಿ ಓದಿದಳು. "ನಿಮ್ಮ ಹಡಗಿಗೆ ಸ್ವಾಗತ. ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಆರರವರೆಗೆ ನಿಲ್ಲುವುದಾದರೆ ಬನ್ನಿ. ಮಂಗಳವಾರ ಮಾತ್ರ ಆಗುವುದಿಲ್ಲ. ಅವತ್ತು ನೆರೆ ದ್ವೀಪಗಳ ದೋಣಿಗಳು ಬರುತ್ತವೆ, ಜೆಟ್ಟಿ ಖಾಲಿ ಇರುವುದಿಲ್ಲ."

ಕಾವಲಿಯ ಮೇಲೆ ದೋಸೆ ಸೀದಿತ್ತು. ನಾನು ಉರಿ ಆರಿಸಿದೆ. "ಅದಕ್ಕೆ ಏನಂದ್ರು ಅವರು?"

"ಬುಧವಾರ ಬರ್ತಾರಂತೆ."